ಹಸಿರು ಚುಕ್ಕೆ, ಹಳದಿ ಚುಕ್ಕೆ

ಜನವರಿ ೧೨

ಅಣ್ಣ,

ಭಾನುವಾರ ಫೋನ್ ಬರಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀ, ಗೊತ್ತು. ಇನ್ನು ಸೆಪ್ಟೆಂಬರ್ ತನಕ ನಾನು ಫೋನ್ ಮಾಡುವುದಿಲ್ಲ, ನೀನೂ ಮಾಡಬಾರದು. ಜಗಳವೇನಿಲ್ಲ. ಪೂರ್ತಿ ಓದು.

ಹೋದ ವಾರ ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಕಾರ್ಯಾಗಾರ ಇತ್ತು. ನಡೆಸಿದವರು ಅಂಕಿಅಂಶ ವಿಭಾಗದ ಮೇಡಂ, ಚಿಕ್ಕ ಆಳು, ಅವರಿಗಿಂತ ದೊಡ್ಡದು ಅವರ ಕೈಚೀಲ. ಮೊದಲ ದಿನ ಎಲ್ಲರ ಕೈಗೂ ಒಂದೊಂದು ಫೋಟೋ ಕೊಟ್ಟು ಅದರಲ್ಲಿರುವ ಜೀವಕೋಶ ಎಣಿಸಿ ಎಂದರು. ಅರ್ಧ ಜನಕ್ಕೆ ಇದು ಔಷಧಿ ಕೊಟ್ಟ ಇಲಿಯದು ಎಂದು ಹೇಳಿದ್ದರು, ಇನ್ನರ್ಧ ಜನಕ್ಕೆ ಕೊಡದ ಇಲಿಯದು ಎಂದು. ಔಷಧಿ ಎಂದು ಕೇಳಿಸಿಕೊಂಡವರಿಗೆಲ್ಲ ಹೆಚ್ಚು ಸಿಕ್ಕವು. ಆಮೇಲೆ ಮೇಡಂ ಹೇಳಿದರು, ಎಲ್ಲರ ಕೈಯಲ್ಲಿ ಇದ್ದದ್ದೂ ಒಂದೇ ಫೋಟೋ ಅಂತ. ನಾವು ಓದಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅದಕ್ಕೇ ಕುರುಡು ಎಣಿಕೆ ಎಂಬ ಪದ್ಧತಿ. ಎಣಿಸುವವರಿಗೆ ಯಾವುದು ಯಾವುದೆಂದು ಗೊತ್ತಿರಬಾರದು. ನನ್ನ ಕೆಲಸ ನಿನಗೆ ಗೊತ್ತಲ್ಲ: ಕಾಲಿನ ನರಕ್ಕೆ ಪೆಟ್ಟಾದ ಇಲಿಗಳು, ಅರ್ಧಕ್ಕೆ ನನ್ನ ಔಷಧಿ, ಅರ್ಧಕ್ಕೆ ಬರೀ ಉಪ್ಪುನೀರು. ಆಮೇಲೆ ನರವನ್ನು ಅಡ್ಡಕ್ಕೆ ತೆಳುವಾಗಿ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೊಂದು ಎಳೆಯೂ ಒಂದೊಂದು ಉಂಗುರದ ಹಾಗೆ ಕಾಣುತ್ತದೆ. ಉಂಗುರ ಹೆಚ್ಚಿದ್ದರೆ ನರ ಚಿಗುರಿದೆ ಎಂದರ್ಥ. ನಾನು ಕಳಿಸುವ ಔಷಧಿಯನ್ನೂ ಉಪ್ಪುನೀರನ್ನೂ ಬಾಟಲಿಗಳಿಗೆ ತುಂಬಿ, ಒಂದು ಬಗೆಗೆ ಹಸಿರು ಚುಕ್ಕೆ, ಇನ್ನೊಂದಕ್ಕೆ ಹಳದಿ ಚುಕ್ಕೆ ಅಂಟಿಸಿ, ಯಾವುದು ಯಾವುದೆಂಬ ಕೀಲಿಯನ್ನು ದೂರದಲ್ಲಿ ಇಟ್ಟುಕೊಳ್ಳುವ ಒಬ್ಬರು ನನಗೆ ಬೇಕು. ನೀನು ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದೀ, ಊರೂ ದೂರ.

ಅಪ್ಪನಿಗೆಂದು ಗುಟ್ಟಾಗಿ ತಂದಿಟ್ಟ ಕೈಗಡಿಯಾರವನ್ನು ಕೊಡುವ ಮೊದಲೇ 'ಅಪ್ಪಾ, ಟೈಮ್ ಎಷ್ಟು' ಎಂದು ಕೇಳಿ ಕಿಸಕ್ಕೆಂದವನು ನೀನು. ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆದರೂ ಬೇರೆ ಯಾರಿದ್ದಾರೆ ನನಗೆ? ಫೋನ್ ಬೇಡವೆಂದದ್ದು ಮೇಡಂ ಮಾತು. ಬಾಯಿ ಸುಮ್ಮನಿದ್ದರೂ ಉಸಿರು ಹೇಳಿಬಿಡುತ್ತದಂತೆ. ಪತ್ರವಾದರೆ ಯೋಚಿಸಿ ಬರೆಯಬಹುದು.

ಹುಡುಗಾಟವಲ್ಲ ಇದು. ಮೂರು ವರ್ಷದ ಕೆಲಸ. ಸೆಪ್ಟೆಂಬರಿನ ವಾರ್ಷಿಕ ಸೆಮಿನಾರಿನಲ್ಲಿ ಎಲ್ಲರೆದುರು ಕೀಲಿ ತೆರೆಯಬೇಕು. ಎಣಿಕೆ ನಂಬುವ ಹಾಗಿಲ್ಲವೆಂದೋ ಔಷಧಿ ಕೆಲಸ ಮಾಡಿಲ್ಲವೆಂದೋ ಆದರೆ ನನ್ನ ಕೋಣೆ ಎದುರುಗಡೆಯವರಿಗೆ ಹೋಗುತ್ತದೆ, ನಾನು ಪೂರ್ತಿಯಾಗಿ ಪಾಠಕ್ಕೆ ವಾಪಸು. ವಿಭಾಗದ ಮುಖ್ಯಸ್ಥರು ನಗುನಗುತ್ತಲೇ ಹೇಳಿದರು. ಪಾಠ ಮಾಡುವುದು ನನಗೆ ಇಷ್ಟವೇ. ಆದರೆ ಈ ಕೋಣೆ ಇನ್ನೂ ಇಷ್ಟ.

ನಿನ್ನ
ಪಿಟೀಲು


ಜನವರಿ ೨೭

ಪಿಟೀಲು,

ಚಿಕ್ಕವಳಿದ್ದಾಗ ಒಂದೇ ತಂತಿಯಲ್ಲಿ ಕುಂಯ್ಯೆಂದು ರಾಗ ಎಳೆಯುತ್ತಿದ್ದವಳು ಈಗ ನನ್ನ ಬಾಯಿಗೆ ಬೀಗ ಹಾಕುತ್ತಿದ್ದೀಯಾ. ಆಗಲಿ. ಬಾಟಲಿಗಳು ಇವತ್ತು ಹೊರಟವು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ಹಸಿರು, ಹಳದಿ, ಎರಡೂ ಒಂದೇ ಬಣ್ಣದ ನೀರು, ಒಂದೇ ಮಟ್ಟ. ನೀನು ಬೆಳಕಿಗೆ ಹಿಡಿದು ನೋಡುತ್ತೀ ಎಂದು ಗೊತ್ತು. ನೋಡು, ಏನೂ ಕಾಣುವುದಿಲ್ಲ.

ಕೀಲಿ ಭದ್ರವಾಗಿದೆ. ಅದರ ಬಗ್ಗೆ ಇಷ್ಟೇ ಹೇಳಬಲ್ಲೆ.

ಚುಕ್ಕೆ ಕತ್ತರಿಸಿದ್ದು ಪಕ್ಕದ ಕೌಂಟರಿನವರು. ನನ್ನ ಕತ್ತರಿ ಕೆಲಸ ನೋಡಿ ಅವರಿಗೆ ತಡೆಯಲಾಗಲಿಲ್ಲ. 'ಇದು ಚುಕ್ಕೆನೋ, ಆಲೂಗಡ್ಡೆನೋ?' ಎಂದು ನನ್ನ ಕೈಯಿಂದ ಕಿತ್ತುಕೊಂಡರು. ಹೋದ ವರ್ಷ ನಮ್ಮಲ್ಲಿಗೆ ಬಂದವರು. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು.

ಭಾನುವಾರ ಸಂಜೆ ಏನು ಮಾಡುವುದೆಂದು ತೋಚದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಅಲ್ಲೇ ಇಟ್ಟೆ. ನಿನ್ನ ವಿಜ್ಞಾನದಿಂದ ನನ್ನ ಮನೆಗೆ ಆದ ಮೊದಲ ಲಾಭ ಇದು.

ನಿನ್ನ ಅಣ್ಣ


ಮಾರ್ಚ್ ೩೦

ಅಣ್ಣ,

ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ.

ಇಲಿಗಳು ಚೆನ್ನಾಗಿವೆ. ದಿನಕ್ಕೆರಡು ಸಲ ಹೋಗಿ ಚುಚ್ಚುಮದ್ದು ಕೊಟ್ಟು, ತೂಕ ನೋಡಿ ಬರುತ್ತೇನೆ. ಒಂದು ನನ್ನ ಕೈಗವಸಿನ ಬೆರಳನ್ನು ಕಡಿದು ಹರಿದುಹಾಕಿತು. ನಿನ್ನ ನೆನಪಾಯಿತು.

ಗುರುವಾರದ ಸೆಮಿನಾರಿನಲ್ಲಿ ನನ್ನ ಸರದಿ ಬಂತು. ನಮ್ಮಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಒಬ್ಬರು ಮಾತಾಡಬೇಕು, ಉಳಿದವರು ಬಿಸ್ಕತ್ತು ತಿನ್ನುತ್ತ ಕೇಳಬೇಕು. ಎದುರು ಕೋಣೆಯವರೊಬ್ಬರಿದ್ದಾರೆ, ಮೂತ್ರಪಿಂಡದ ಮೇಲೆ ಕೆಲಸ ಮಾಡುತ್ತಾರೆ, ಅದಕ್ಕೆ ಎಲ್ಲರೂ ಅವರನ್ನು ಮೂತ್ರಪಿಂಡದವರು ಅಂತಲೇ ಕರೆಯುವುದು. ಬಿಸ್ಕತ್ತು ಮುಗಿಸಿ, ಬೆರಳು ಒರೆಸಿಕೊಂಡು, ಆಮೇಲೆ ಪ್ರಶ್ನೆ ಕೇಳುತ್ತಾರೆ. 'ಬರೀ ಎರಡು ಬಣ್ಣ ಇಟ್ಟಿದ್ದೀರಲ್ಲ, ಒಂದು ಸ್ಲೈಡಿನ ಗುಟ್ಟು ರಟ್ಟಾದ್ರೆ ಎಲ್ಲದರದ್ದೂ ರಟ್ಟಾಗಲ್ವಾ? ಒಂದೊಂದಕ್ಕೂ ಬೇರೆ ಬೇರೆ ನಂಬರ್ ಕೊಡ್ಬೋದಿತ್ತು' ಎಂದರು. ನನ್ನ ಕೋಣೆಯ ಕಿಟಕಿಯ ಮೇಲೆ ಕಣ್ಣಿಟ್ಟವರು, ಹೀಗೆ ಕೇಳದೆ ಇನ್ನು ಹೇಗೆ ಕೇಳುತ್ತಾರೆ? 'ಯಾರಿಂದ ರಟ್ಟಾಗ್ಬೇಕು? ಕೀಲಿ ನಮ್ಮಣ್ಣನ ಹತ್ರ ಇದೆ' ಎಂದೆ. ಎಲ್ಲರೂ ನಕ್ಕರು. ಸರಿಯಾದ ಪ್ರಶ್ನೆ ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಪಿಟೀಲು


ಏಪ್ರಿಲ್ ೨೧

ಪಿಟೀಲು,

ನನ್ನ ಹೆಸರು ಹೇಳಿ ಜನರನ್ನು ನಗಿಸುತ್ತೀಯಾ? ಪರವಾಗಿಲ್ಲ, ನಿನ್ನ ಮೂತ್ರಪಿಂಡದವರಿಗೆ ನನ್ನ ನಮಸ್ಕಾರ ಹೇಳು.

ನಾನು ಹೊಸ ಅಂಗಿ ತೆಗೆದುಕೊಂಡೆ, ನೀಲಿ. ಹಳೆಯವು ಇನ್ನೂ ಚೆನ್ನಾಗಿದ್ದವು, ಸುಮ್ಮನೆ ತೆಗೆದುಕೊಂಡೆ. ಮಧ್ಯಾಹ್ನದ ಊಟಕ್ಕೆ ಈಗ ಕ್ಯಾಂಟೀನಿಗೆ ಹೋಗುತ್ತಿಲ್ಲ. ಹಿಂದಿನ ಉಗ್ರಾಣದಲ್ಲಿ ಪೆಟ್ಟಿಗೆಗಳ ನಡುವೆ ಎರಡು ಕುರ್ಚಿ ಹಾಕಿಕೊಂಡು ನಾನೂ ಪಕ್ಕದ ಕೌಂಟರಿನವರೂ ಡಬ್ಬಿ ಬಿಚ್ಚುತ್ತೇವೆ. ಅವರ ಡಬ್ಬಿಯಲ್ಲಿ ಉಪ್ಪು ಜಾಸ್ತಿ, ನನ್ನದರಲ್ಲಿ ಇರುವುದೇ ಇಲ್ಲ. ಬೆರೆಸಿಕೊಂಡರೆ ಸರಿಹೋಗುತ್ತದೆ.

ನಿನ್ನ ಕೆಲಸದ ಬಗ್ಗೆ ಅವರು ಆಗಾಗ ಕೇಳುತ್ತಾರೆ. ನಾನೂ ಒಂದು ವಿಷಯ ಅವರನ್ನು ಕೇಳುತ್ತೇನೆ, ಅವರು ಬಾಯಿ ಬಿಡುವುದಿಲ್ಲ. ಏನೆಂದು ಆಮೇಲೆ ಯಾವಾಗಲಾದರೂ ಹೇಳುತ್ತೇನೆ.

ಅಣ್ಣ


ಜೂನ್ ೧೮

ಅಣ್ಣ,

ಎಣಿಕೆ ಶುರುವಾಗಿದೆ. ಕತ್ತಲೆ ಕೋಣೆ, ಒಂದು ಸ್ಟೂಲು, ಕೈಯಲ್ಲಿ ಟಕ್ ಟಕ್ ಎನ್ನುವ ಎಣಿಕೆಯ ಯಂತ್ರ. ಉಂಗುರದ ಅಂಚು ಗಟ್ಟಿಯಾಗಿದ್ದರೆ ಲೆಕ್ಕಕ್ಕೆ ಬಂತು. ಅರ್ಧಂಬರ್ಧ ಇದ್ದರೆ ನಾನೇ ತೀರ್ಮಾನಿಸಬೇಕು, ಹಾಗೆ ತೀರ್ಮಾನಿಸುವುದರಲ್ಲೇ ಕತ್ತು ಹಿಡಿದುಕೊಳ್ಳುತ್ತದೆ. ಆದರೂ ಖುಷಿಯಾಗಿದ್ದೇನೆ. ಮಧ್ಯಾಹ್ನ ಹೊರಗೆ ಬಂದಾಗ ನೆಲದ ಮೇಲಿನ ನೀರಿನ ಹನಿಗಳನ್ನೂ ಎಣಿಸಹೊರಡುತ್ತೇನೆ.

ಒಂದು ಮಾತು ಬರೆಯಬಾರದು, ಬರೆಯದೆ ಇರಲಾರೆ. ಹಸಿರು ಚುಕ್ಕೆಯ ಸ್ಲೈಡುಗಳು ತುಂಬಿಕೊಂಡಿವೆ ಅಣ್ಣ. ಉಂಗುರದ ಪಕ್ಕ ಉಂಗುರ. ಹಳದಿಯಲ್ಲಿ ಅಷ್ಟಿಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲದ್ದು ನಿನ್ನೊಬ್ಬನಿಗೇ ಅಲ್ಲ, ನಮ್ಮ ಮನೆತನಕ್ಕೇ ಇದೆ. ಓದಿ ಮರೆತುಬಿಡು. ಉತ್ತರದಲ್ಲಿ ಇದರ ಸುದ್ದಿ ಎತ್ತಬೇಡ.

ಪಿಟೀಲು


ಜುಲೈ ೨

ಪಿಟೀಲು,

ನಿನ್ನ ಪತ್ರ ಬಂತು. ಏನು ಬರೆಯಲಿ ಎಂದು ತಿಳಿಯುತ್ತಿಲ್ಲ. ಎಲ್ಲದರ ಮೇಲೂ ಅಷ್ಟು ಆಸೆ ಇಟ್ಟುಕೊಳ್ಳಬಾರದು ಎಂದು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ನೀನು ಹೊತ್ತುಹೊತ್ತಿಗೆ ಊಟ ಮಾಡು. ಕಣ್ಣು ನೋಯಿಸಿಕೊಳ್ಳಬೇಡ.

ಅಣ್ಣ


ಜುಲೈ ೨೪

ಅಣ್ಣ,

ಪತ್ರ ತಲುಪಿತು. ನಾನು ಚೆನ್ನಾಗಿದ್ದೇನೆ. ಎಣಿಕೆ ಮುಂದುವರಿಯುತ್ತಿದೆ. ಈ ಸಲ ಹೆಚ್ಚು ಬರೆಯಲು ಪುರಸೊತ್ತಿಲ್ಲ.

ಇತಿ


ಆಗಸ್ಟ್ ೫

ಪಿಟೀಲು,

ಇದೇನು, ನಿನ್ನ ಪತ್ರವೋ, ವಿದ್ಯುತ್ ಕಚೇರಿಯ ನೋಟೀಸೋ? ನಾಲ್ಕು ಸಾಲು ಬರೆದು 'ಇತಿ' ಅಂತ ಮುಗಿಸುವಂಥದ್ದು ನಾನೇನು ಮಾಡಿದೆ?

ನಾನಂತೂ ಈಗ ಬಹಳ ಸಂತೋಷವಾಗಿದ್ದೇನೆ. ಕಾರಣ ಕೇಳಬೇಡ, ಕೀಲಿ ತೆರೆಯುವ ದಿನದ ತನಕ ತಡೆದುಕೊಳ್ಳುತ್ತೇನೆ. ಒಂದು ಸಲವಾದರೂ ನಾನೂ ಒಂದು ಗುಟ್ಟು ಇಟ್ಟುಕೊಂಡೆ ಅನ್ನಿಸಿಕೊಳ್ಳಬೇಕು. ನಿನ್ನೆ ಔಷಧಿ ಎಣಿಸಿಕೊಡುತ್ತ ಹಾಡು ಗುನುಗುತ್ತಿದ್ದೆನಂತೆ. ಸಾಲಿನಲ್ಲಿದ್ದ ಅಜ್ಜಿ 'ಮೊದಲು ಎಣಿಸಪ್ಪ, ಆಮೇಲೆ ಹಾಡು' ಎಂದರು.

ನೀನೂ ಸಂತೋಷವಾಗಿರು. ಎಲ್ಲ ಒಳ್ಳೆಯದೇ ಆಗುತ್ತದೆ.

ಅಣ್ಣ


ಸೆಪ್ಟೆಂಬರ್ ೧

ಅಣ್ಣ,

ಸಮಾಧಾನ ಮಾಡಲು ಸಂತೋಷದ ನಾಟಕ ಆಡಬೇಡ. ನಿನಗೆ ನಾಟಕ ಬರುವುದಿಲ್ಲ. ಜುಲೈ ತಿಂಗಳ ಪತ್ರದಲ್ಲೇ ಎಲ್ಲ ಹೇಳಿಬಿಟ್ಟಿದ್ದೀ.

ನಾನು ಹಸಿರು ತುಂಬಿಕೊಂಡಿದೆ ಎಂದು ಕುಣಿಯುತ್ತ ಬರೆದೆ. ನೀನು ಕುಣಿಯಲಿಲ್ಲ. ಆಸೆ ಇಟ್ಟುಕೊಳ್ಳಬೇಡ ಎಂದೆ. ಇನ್ನೇನು ತಿಳಿಯಬೇಕು? ಹಸಿರು ಅಂದರೆ ಬರೀ ಉಪ್ಪುನೀರು. ನರ ತಾನಾಗಿಯೇ ಚಿಗುರಿದೆ, ನನ್ನ ಔಷಧಿ ಅದಕ್ಕೆ ಅಡ್ಡಿ ಮಾಡಿದೆ. ಮೂರು ವರ್ಷ ನಾನು ಇಲಿಗಳಿಗೆ ಕೊಟ್ಟದ್ದು ತೊಂದರೆ. ಆ ಪತ್ರ ಓದಿ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನ್ನ ಮೇಲೆ ಕೋಪ ಬಂತು, ನಿನ್ನನ್ನು ಆರಿಸಿದ ನನ್ನ ಮೇಲೆ ಇನ್ನೂ ಹೆಚ್ಚು.

ಆದರೂ ಎಣಿಸುತ್ತ ಹೋದೆ. ನನಗೆ ಗೊತ್ತಾದದ್ದು ಇನ್ಯಾರಿಗೂ ಗೊತ್ತಿಲ್ಲವಲ್ಲ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಇದ್ದುಬಿಡೋಣ ಅನ್ನಿಸಿತು. ಸ್ಲೈಡುಗಳು ಮುಗಿದವು. ಅಂಕಿಗಳನ್ನು ಮೇಡಂಗೆ ಕೊಡುವ ಹಿಂದಿನ ಗುರುವಾರ ಸೆಮಿನಾರಿನಲ್ಲಿ ಯಾರೋ ಹೃದಯದ ಕವಾಟದ ಬಗ್ಗೆ ಮಾತಾಡಿ ಮುಗಿಸಿದರು. ಪ್ರಶ್ನೆಗಳಿವೆಯಾ ಎಂದು ಕೇಳಿದಾಗ ನಾನು ಎದ್ದು ನಿಂತೆ. 'ನನ್ನದು ಪ್ರಶ್ನೆಯಲ್ಲ. ನನ್ನ ಕಣ್ಣಿನ ಕಟ್ಟು ಬಿಚ್ಚಿಹೋಗಿದೆ. ನಮ್ಮಣ್ಣನ ಪತ್ರದಿಂದ ಯಾವ ಬಣ್ಣ ಯಾವುದು ಅಂತ ಗೊತ್ತಾಗಿದೆ. ಆಮೇಲೂ ಎಣಿಸಿದ್ದೀನಿ. ನನ್ನ ಎಣಿಕೆ ನಂಬಬೇಡಿ' ಎಂದೆ.

ಮುಖ್ಯಸ್ಥರು ಮೇಜಿನ ಮೇಲೆ ಬೆರಳು ಕುಟ್ಟುತ್ತ ಕೂತರು. ಕೋಣೆ ಹೋಯಿತು ಎಂದುಕೊಂಡೆ. ಆಗ ಮೂತ್ರಪಿಂಡದವರು ಬೆರಳು ಒರೆಸಿಕೊಂಡರು. 'ಸ್ಲೈಡ್ ಇದಾವಲ್ಲ, ಎಲ್ಲಿಗೆ ಹೋಗ್ತವೆ? ಚುಕ್ಕೆ ಮೇಲೆ ಕಾಗದ ಅಂಟಿಸಿ, ಮೇಡಂ ಕೈಲಿ ಕಲೆಸಿ ಕೊಡಿ. ನಾನು ಎಣಿಸ್ತೀನಿ. ನನಗೆ ನಿಮ್ಮ ಔಷಧಿ ಗೆದ್ರೂ ಒಂದೇ, ಸೋತ್ರೂ ಒಂದೇ' ಎಂದರು. ಸೋತರೆ ಕೋಣೆ ಅವರದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅದಕ್ಕೇ ಇರಬೇಕು, ಕಿವಿ ಕೆಂಪಾಗಿತ್ತು.

ಈಗ ಅವರು ಎಣಿಸುತ್ತಿದ್ದಾರೆ. ಸೆಮಿನಾರು ಇಪ್ಪತ್ತಾರಕ್ಕೆ. ಕೀಲಿಯನ್ನು ನನಗಲ್ಲ, ನೇರವಾಗಿ ಅಂಕಿಅಂಶದ ಮೇಡಂಗೆ ಕಳಿಸು. ಕೋಪ ಇಳಿದಿದೆ. ನೀನು ಬೇಕೆಂದು ಮಾಡಿದ್ದಲ್ಲ.

ಪಿಟೀಲು


ಸೆಪ್ಟೆಂಬರ್ ೧೨

ಪಿಟೀಲು,

ನಿನ್ನ ಪತ್ರವನ್ನು ಉಗ್ರಾಣದಲ್ಲಿ ಪೆಟ್ಟಿಗೆಯ ಮೇಲೆ ಕೂತು ಓದಿದೆ. ಎರಡು ಸಲ ಓದಿದೆ. ಆಮೇಲೆ ಪಕ್ಕದ ಕೌಂಟರಿನವರಿಗೆ ಓದಿ ಹೇಳಿದೆ. ಅವರು ನಕ್ಕಿದ್ದು ನಾನು ಕಂಡಿದ್ದೇ ಕಮ್ಮಿ, ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ 'ಪಾಪ, ನಗಬಾರದು' ಎಂದು ಮತ್ತೆ ನಕ್ಕರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಳಂತೆ, ಹಾಗಾಯಿತು ನಿನ್ನ ಕಥೆ. ಯಾವ ಚುಕ್ಕೆ ಯಾವುದೆಂದು ನನಗೆ ಗೊತ್ತೇ ಇಲ್ಲ. ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ.

ನನ್ನ ಹೊಟ್ಟೆಯ ಗುಣ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಜನವರಿಯಲ್ಲೇ ಅವರನ್ನು ಕೇಳಿಕೊಂಡೆ. ಬಾಟಲಿ ತುಂಬಿದ್ದು ಅವರು, ಚುಕ್ಕೆ ಅಂಟಿಸಿದ್ದು ಅವರು, ಕೀಲಿ ಅವರ ಹತ್ತಿರ. ನಾನು ಪೆಟ್ಟಿಗೆಗೆ ದಾರ ಕಟ್ಟಿದೆ, ಅಷ್ಟೇ. ನಿನಗೆ ಹೇಳಲು ನಾಚಿಕೆಯಾಯಿತು. ನಂಬಿ ಒಪ್ಪಿಸಿದ ಕೆಲಸ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಎಂದು ಹೇಗೆ ಬರೆಯಲಿ? ಎಷ್ಟು ಪುಸಲಾಯಿಸಿದರೂ ಅವರು ನನಗೆ ಹೇಳಲಿಲ್ಲ. ದಿನಾ ಊಟದ ಹೊತ್ತಿಗೆ ಕೇಳುತ್ತಿದ್ದೆ. ಕೊನೆಗೆ ಕೇಳುವುದೇ ಒಂದು ಆಟವಾಯಿತು, ಆಮೇಲೆ ಆಟವಾಗಿ ಉಳಿಯಲಿಲ್ಲ.

ಜೂನ್ ಮಧ್ಯದಲ್ಲಿ ಅವರನ್ನು ಬೇರೆ ಒಂದು ಮಾತು ಕೇಳಿದೆ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕೇಳುವ ಮಾತಲ್ಲ ಎಂದು ನೀನು ಅನ್ನಬಹುದು. 'ಯೋಚನೆ ಮಾಡಿ ಹೇಳ್ತೀನಿ' ಎಂದು ರಜೆ ಹಾಕಿ ತಂಗಿಯ ಮನೆಗೆ ಹೋದವರು ವಾರಗಟ್ಟಲೆ ಬರಲೇ ಇಲ್ಲ. ಉಗ್ರಾಣದಲ್ಲಿ ಎರಡು ಕುರ್ಚಿ, ನಾನೊಬ್ಬ. ಆಗ ನಿನಗೆ ಬರೆದದ್ದು ಆ ಜುಲೈ ಪತ್ರ. ನಿನ್ನ ಹಸಿರು ಹಳದಿ ನನ್ನ ತಲೆಗೇ ಹೋಗಿರಲಿಲ್ಲ, ಕ್ಷಮಿಸು. ಜುಲೈ ಕೊನೆಗೆ ವಾಪಸು ಬಂದು ಡಬ್ಬಿ ಬಿಚ್ಚಿ, 'ಉಪ್ಪು ಕಮ್ಮಿ ಮಾಡಿದೀನಿ, ನೋಡಿ' ಎಂದರು. ಅದೇ ಉತ್ತರ.

ಮುಂದಿನ ತಿಂಗಳು ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕುತ್ತೇವೆ. ನೀನು ಬರಬೇಕು. ನೀಲಿ ಅಂಗಿ ಇಸ್ತ್ರಿಯಾಗಿದೆ.

ಕೀಲಿ ಮೇಡಂಗೆ ಹೋಯಿತು. ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ, ನನ್ನ ಕೈಗೆ ಕೊಡದೆ ಪಕ್ಕದ ಕೌಂಟರಿನವರೇ ಅಂಚೆಗೆ ಹಾಕಿ ಬಂದರು.

ಅಣ್ಣ


ಸೆಪ್ಟೆಂಬರ್ ೨೮

ಅಣ್ಣ,

ಫೋನ್ ಮಾಡಬಹುದಿತ್ತು, ಈಗ ಅಡ್ಡಿಯಿಲ್ಲ. ಆದರೆ ಇದನ್ನು ಬರೆದೇ ಹೇಳಬೇಕು.

ದೊಡ್ಡ ಸಭಾಂಗಣ, ಮುಂದಿನ ಸಾಲು ತುಂಬ ಹೊರಗಿನಿಂದ ಬಂದವರು. ಮೈಕು ಕೊಂಯ್ಯೆಂದಿತು, ನನ್ನ ಹೆಸರೇ ಕರೆದ ಹಾಗಿತ್ತು. ಮೇಡಂ ಕೈಚೀಲದಿಂದ ಲಕೋಟೆ ತೆಗೆದು, ಅಂಟಿನ ಮೇಲಿನ ಸಹಿಯನ್ನು ಎಲ್ಲರಿಗೂ ತೋರಿಸಿ, ಕತ್ತರಿಸಿದರು. ಒಳಗೆ ಒಂದೇ ಸಾಲು. ಹಸಿರು, ಔಷಧಿ.

ಹಸಿರು, ಔಷಧಿ, ಅಣ್ಣ. ಮೂತ್ರಪಿಂಡದವರ ಎಣಿಕೆಯಲ್ಲಿ ಹಸಿರು ಮುಂದಿದೆ. ಕುಣಿದಾಡುವಷ್ಟು ಅಲ್ಲ, ಆದರೆ ಇದೆ, ಅಲ್ಲಗಳೆಯಲು ಆಗದಷ್ಟು ಇದೆ. ನಾನು ಕುರ್ಚಿಯ ತೋಳನ್ನು ಹಿಡಿದುಕೊಂಡು ಕೂತಿದ್ದೆ.

ಆಮೇಲೆ ಮೇಡಂ ಇನ್ನೊಂದು ಚಿತ್ರ ತೋರಿಸಿದರು. ನನ್ನ ಎಣಿಕೆ, ಅವರ ಎಣಿಕೆ, ಪಕ್ಕಪಕ್ಕ. ಜುಲೈ ಶುರುವಿನ ತನಕ ಎರಡೂ ಜೊತೆಜೊತೆಗೇ ಹೋಗುತ್ತವೆ. ನಿನ್ನ ಪತ್ರ ಬಂದ ಮೇಲಿನ ಸ್ಲೈಡುಗಳಲ್ಲಿ ನಾನು ಹಸಿರಿನ ಉಂಗುರಗಳನ್ನು ಕಮ್ಮಿ ಎಣಿಸಿದ್ದೇನೆ, ಹಳದಿಯವನ್ನು ಹೆಚ್ಚು. ಅರ್ಧಂಬರ್ಧ ಇದ್ದ ಉಂಗುರಗಳೆಲ್ಲ ಹಸಿರಿನಲ್ಲಿ ಲೆಕ್ಕ ತಪ್ಪಿದವು, ಹಳದಿಯಲ್ಲಿ ಲೆಕ್ಕಕ್ಕೆ ಬಂದವು. ಬೇಕೆಂದು ಮಾಡಲಿಲ್ಲ. ಪ್ರಾಮಾಣಿಕವಾಗಿ ಎಣಿಸುತ್ತಿದ್ದೇನೆ ಎಂದೇ ತಿಳಿದಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನನಗೆ ಹಾಗೇ ಆಗಿತ್ತು. ಹಳದಿಯೇ ನನ್ನ ಔಷಧಿ ಎಂದು ನಂಬಿ, ಅದನ್ನು ಗೆಲ್ಲಿಸಲು ಹೋಗಿ, ನನ್ನ ಔಷಧಿಯನ್ನು ನನ್ನ ಕೈಯಾರೆ ಸೋಲಿಸುತ್ತಿದ್ದೆ. ಆ ಗುರುವಾರ ಎದ್ದು ನಿಲ್ಲದೆ ಇದ್ದಿದ್ದರೆ ಸೋಲಿಸಿಯೂ ಬಿಡುತ್ತಿದ್ದೆ.

ಕೋಣೆ ಉಳಿಯಿತು. ಮುಖ್ಯಸ್ಥರು ಈ ಸಲವೂ ನಗುನಗುತ್ತಲೇ ಹೇಳಿದರು. ಮೂತ್ರಪಿಂಡದವರಿಗೆ ನಾನೇ ಹೋಗಿ, ಕಿಟಕಿಯ ಪಕ್ಕದ ಮೇಜು ಖಾಲಿಯಿದೆ, ಬೇಕಾದರೆ ಬನ್ನಿ ಎಂದೆ. 'ಬಿಸ್ಕತ್ತು ಯಾರದು?' ಎಂದು ಕೇಳಿದರು. ಮುಂದಿನ ಕಾರ್ಯಾಗಾರದಲ್ಲಿ ಮೇಡಂ ಆ ಫೋಟೋದ ಬದಲು ನಮ್ಮಿಬ್ಬರ ಎಣಿಕೆಯ ಚಿತ್ರ ತೋರಿಸುತ್ತಾರಂತೆ. ತೋರಿಸಲಿ.

ಆದರೆ ಇಷ್ಟು ಹೇಳಲೆಂದು ಬರೆಯುತ್ತಿಲ್ಲ. ನಿನ್ನ ಜುಲೈ ಪತ್ರವನ್ನು ಮತ್ತೆ ತೆಗೆದು ಓದಿದೆ. ಆರೇ ಸಾಲು. ಓದಿದ ಯಾರೇ ಆದರೂ ಕೇಳುತ್ತಿದ್ದರು, ಪಾಪ, ಇವನಿಗೆ ಏನಾಗಿದೆ ಅಂತ. ಅದರಲ್ಲಿ ನನ್ನ ಅಣ್ಣ ಒಬ್ಬನೇ ಕೂತಿದ್ದ, ನಾನು ಅದರಲ್ಲೂ ಉಪ್ಪುನೀರು ಹುಡುಕಿದೆ. ಏನಾಯಿತೋ ಎಂದು ಒಂದು ಮಾತು ಕೇಳಲಿಲ್ಲ. ಎಣಿಕೆ ತಪ್ಪಿದ್ದನ್ನು ಮೂತ್ರಪಿಂಡದವರು ಸರಿ ಮಾಡಿಕೊಟ್ಟರು. ಇದನ್ನು ನಾನೇ ಸರಿ ಮಾಡಿಕೊಳ್ಳಬೇಕು.

ಸಹಿ ಹಾಕುವ ದಿನಕ್ಕೆ ವಾರದ ಮೊದಲೇ ಬರುತ್ತೇನೆ. ಎರಡು ಕುರ್ಚಿಯ ಜೊತೆಗೆ ನನಗೊಂದು ಪೆಟ್ಟಿಗೆ ಇಡು, ಅದರ ಮೇಲೆ ಕೂರುತ್ತೇನೆ. ನಮ್ಮ ಮನೆತನಕ್ಕೆ ಕೊನೆಗೂ ಹೊಟ್ಟೆಯಲ್ಲಿ ಮಾತು ನಿಲ್ಲುವ ಒಬ್ಬರು ಬರುತ್ತಿದ್ದಾರೆ. ಅವರನ್ನು ನಾನು ಕಣ್ಣಾರೆ ನೋಡಬೇಕು.

ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ನೀನು ಎತ್ತಿ, ನಿನ್ನ ಸುದ್ದಿಯನ್ನೆಲ್ಲ ಹೇಳು, ನಾನು ನಡುವೆ ಬಾಯಿ ಹಾಕುವುದಿಲ್ಲ. ಆಮೇಲೆ ಅತ್ತಿಗೆಗೆ ಕೊಡು.

ಪಿಟೀಲು